ಸೇತುವೆಗಿಂತ ಮೊದಲು ಬಳಸುದಾರಿ

ಹಳೇ ಸೇತುವೆ ಒಡೆಯಲು ಬ್ರೇಕರ್ ಕಟ್ಟಿದ ಒಂದು ಹಿಟಾಚಿ, ಎರಡು ದಿನ ಸಾಕು. ಅದರ ಮಗ್ಗುಲಲ್ಲಿ ಬಸ್ಸು ಹೋಗುವಂಥ ಕಚ್ಚಾ ರಸ್ತೆ ಮಾಡಿ, ಅದನ್ನು ಆರಿದ್ರೆ ಮಳೆ ದಾಟಿಸುವುದಿದೆಯಲ್ಲ, ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಅದು.

ನಾನು ಸಿದ್ದಾಪುರದ ಕಡೆಯವನು. ಶಿರಸಿ–ಕುಮಟಾ ರಾಷ್ಟ್ರೀಯ ಹೆದ್ದಾರಿ 766ಇ ಅಗಲ ಮಾಡುವಾಗ ಉಪಗುತ್ತಿಗೆದಾರರೊಬ್ಬರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದೆ. ಸುಮಾರು 60 ಕಿ.ಮೀ. ದಾರಿ, ನಡುವೆ ದೇವಿಮನೆ ಘಟ್ಟ. ಮಳೆ ಹಿಡಿದರೆ ತಿರುವಿಗೊಂದು ಹಳ್ಳ.

ಅಂಥದೊಂದು ಹಳ್ಳಕ್ಕೆ ಮೂರು ಹ್ಯೂಮ್ ಪೈಪು ಮಲಗಿಸಿ ಮೇಲೆ ಕೆಂಪು ಮಣ್ಣು ಏರಿಸಿದ್ದೆವು. ಎಷ್ಟು ನೀರಿಗೆ ಎಷ್ಟು ಪೈಪು ಎಂಬ ಲೆಕ್ಕ ನನ್ನದೇ. ಕೆಳಗಿನ ತೋಟದ ಅಜ್ಜ ಕವಳ ಜಗಿಯುತ್ತ ಬಹಳ ಹೊತ್ತು ನೋಡಿದರು. ಕೊನೆಗೆ, ‘ನೀರಷ್ಟೇ ಬತ್ತಿಲ್ಲೆ ತಮಾ, ಮರವೂ ಬತ್ತು’ ಅಂದರು. ನಾನು ನಕ್ಕೆ.

ಜೂನ್ ಕಡೆಯ ವಾರ ಒಂದು ರಾತ್ರಿ ಮರ ಬಂತು. ಬುಡ ಸಮೇತ ಬಂದು ನಡುವಿನ ಪೈಪಿನ ಬಾಯಿಗೆ ಅಡ್ಡ ಕೂತಿತು, ಅದಕ್ಕೆ ದರಕು, ಬಳ್ಳಿ ಎಲ್ಲ ಸಿಕ್ಕಿಕೊಂಡಿತು. ನೀರು ಏರಿ, ಮಣ್ಣಿನ ಮೇಲೆ ಹರಿದು ಒಡ್ಡನ್ನೇ ಕೊರೆಯಿತು. ಬೆಳಗಾಗುವಾಗ ರಸ್ತೆಯ ಅರ್ಧ ಅಜ್ಜನ ತೋಟದಲ್ಲಿತ್ತು. ಅವರು ಬೈಯಲಿಲ್ಲ. ಒಂದು ಕೋಲು ತಂದು ಅಡಿಕೆ ಮರದ ಬುಡದಲ್ಲಿ ಊರಿ, ಕೆಸರು ಎಷ್ಟು ಆಳವಿದೆ ಎಂದು ತೋರಿಸಿದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಮುಂದಿನ ಹಳ್ಳಕ್ಕೆ ದೊಡ್ಡ ಬಾಯಿಯ ಪೈಪು ಹಾಕಿದೆವು. ರಸ್ತೆಯ ನಡುಭಾಗವನ್ನು ಬೇಕೆಂದೇ ತಗ್ಗಿಸಿ, ಮೇಲೆ ಕಾಂಕ್ರೀಟು, ಎರಡೂ ಮೈಗೆ ಕಲ್ಲು ಜೋಡಿಸಿದೆವು. ಹೆಚ್ಚಾದ ನೀರು ಮೇಲಿಂದ ಹಾದುಹೋಗಲಿ, ಮಣ್ಣು ಒಯ್ಯದಿದ್ದರಾಯಿತು. ನಾಲ್ಕು ತಾಸು ಬಸ್ಸು ನಿಂತರೆ ನಿಲ್ಲಲಿ.

ಇನ್ನೊಂದು ಪಾಠ ಅಪ್ರೋಚಿನದು, ಅಂದರೆ ಸೇತುವೆಗೆ ಹತ್ತುವ ದಾರಿಯದು. ಸೇತುವೆಯ ಗೋಡೆಯ ಬೆನ್ನಿಗೆ ದೊಡ್ಡ ರೋಲರ್ ತಾಗುವುದಿಲ್ಲ. ಅಲ್ಲಿ ತೆಳು ಪದರವಾಗಿ ಮಣ್ಣು ಹಾಕಿ ಸಣ್ಣ ಯಂತ್ರದಲ್ಲಿ ಗುದ್ದಬೇಕು. ಅವಸರಕ್ಕೆ ಟಿಪ್ಪರ್‌ಗಟ್ಟಲೆ ಸುರಿದರೆ ಒಂದು ಮಳೆಗಾಲದಲ್ಲಿ ಕುಸಿಯುತ್ತದೆ, ಸೇತುವೆ ಹತ್ತುವಾಗ ಬಸ್ಸಿನ ಹಿಂದಿನ ಸೀಟಿನವರ ಸೊಂಟ ಮುರಿಯುತ್ತದೆ.

2024ರ ಡಿಸೆಂಬರಿನಿಂದ 2025ರ ಫೆಬ್ರವರಿವರೆಗೆ ಕಾಮಗಾರಿಗೆಂದು ಶಿರಸಿ–ಕುಮಟಾ ದಾರಿಯಲ್ಲಿ ಸಂಚಾರವನ್ನೇ ಬಂದ್ ಮಾಡಿದರು. ದೊಡ್ಡ ಗಾಡಿಗಳು ಯಲ್ಲಾಪುರಕ್ಕೆ ಹೋಗಿ ಅರಬೈಲು ಘಟ್ಟ ಇಳಿದು ಅಂಕೋಲೆಯ ಮೇಲೆ ಕುಮಟಾಕ್ಕೆ. ದೂರ ದುಪ್ಪಟ್ಟಿಗೂ ಮೇಲೆ. ಸಣ್ಣವು ಸಿದ್ದಾಪುರ, ದೊಡ್ಮನೆ ಕಡೆಯಿಂದ. ನಮಗಂತೂ ಹಬ್ಬ: ಬಾವುಟ ಹಿಡಿದು ನಿಲ್ಲುವವರು ಬೇಡ, ಹಾರ್ನ್ ಇಲ್ಲ, ಎರಡೂ ಬದಿ ಒಟ್ಟಿಗೇ ಕೆಲಸ.

ಜನವರಿಯಲ್ಲಿ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಅವಳ ಮನೆ ದೊಡ್ಮನೆ ರಸ್ತೆಯ ಅಂಚಿಗೇ. ಅಂಗಳದ ತುಂಬ ಚಾಲಿ ಒಣಗಲು ಹರವಿದ್ದರು. ಬಣ್ಣ ನೋಡಿದರೆ ಅಡಿಕೆಯಲ್ಲ, ಇಟ್ಟಿಗೆ ಪುಡಿ. ಬೇಲಿಯಾಚೆ ಕಾರಿನ ಹಿಂದೆ ಕಾರು.

‘ನಿಂಗ ಅಲ್ಲಿ ಸಂಕ ಕಟ್ಟದು, ಯಂಗ ಇಲ್ಲಿ ಧೂಳು ತಿಂಬದ?’ ಅಂದಳು. ಒಂದು ಅಡಿಕೆ ಎತ್ತಿ, ನನ್ನ ಬಿಳಿ ಅಂಗಿಗೆ ಒರೆಸಿ, ಮತ್ತೆ ರಾಶಿಗೆ ಎಸೆದಳು.