ಹಳೇ ಲಿವರ್ ಕೋವಿ ಕೊಳ್ಳುವ ಮುನ್ನ

ನೋಡು ಮಾರಾಯ, ಅಮೆರಿಕದಲ್ಲಿ ಕೋವಿ ಕೊಳ್ಳುವುದು ಚಪ್ಪಲಿ ಕೊಂಡಷ್ಟೇ ಸುಲಭ ಅಂತ ನಿನ್ನ ಆಫೀಸಿನ ಗೆಳೆಯರು ಹೇಳಿರಬಹುದು. ಅವರು ಇಲ್ಲೇ ಹುಟ್ಟಿದವರು, ಅವರ ಮಟ್ಟಿಗೆ ಅದು ನಿಜ. ನೀನಿರುವುದು ಎಚ್-1ಬಿ ವೀಸಾದಲ್ಲಿ. ತಾತ್ಕಾಲಿಕ ವೀಸಾದವರು ಕೋವಿ ಕೊಳ್ಳುವುದಿರಲಿ, ಕೈಯಲ್ಲಿ ಇಟ್ಟುಕೊಳ್ಳುವುದನ್ನೇ ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ಅಪರಾಧ ಅನ್ನುತ್ತದೆ. ಕೆಲವು ವಿನಾಯಿತಿಗಳಿವೆ. ನಿನಗೆ ಒದಗುವುದು ಒಂದೇ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಶಿಕಾರಿ ಲೈಸೆನ್ಸ್. ಆದ್ದರಿಂದ ಪೆನ್ಸಿಲ್ವೇನಿಯಾದ ಹಂಟರ್ ಎಜುಕೇಶನ್ ತರಗತಿ ಮೊದಲು, ಲೈಸೆನ್ಸ್ ಆಮೇಲೆ, ಕೋವಿ ಅಂಗಡಿಯ ಬಾಗಿಲು ಕೊನೆಗೆ. ಲೈಸೆನ್ಸ್ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ ಅನ್ನುವುದನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡು. ನಿನ್ನ ವೀಸಾ ನೋಡಿಕೊಳ್ಳುವ ವಕೀಲರಿಗೂ ಒಂದು ಮಾತು ಕೇಳಿಬಿಡು. ಗ್ರೀನ್ ಕಾರ್ಡಿಗೆ ಕಾಯುತ್ತಿರುವವನು ಜಿಂಕೆಯ ಆಸೆಗೆ ಅದನ್ನು ಕಳೆದುಕೊಳ್ಳಬಾರದು.

ಇನ್ನು ಕೋವಿಯ ವಿಚಾರ. ಲಿವರ್ ಕೋವಿಯೇ ಬೇಕು ಅಂತ ನಿನಗೆ ಅನ್ನಿಸಿದ್ದು ಎಲ್ಲಿಂದ ಅಂತ ನನಗೆ ಗೊತ್ತು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಓದಿ ಬೆಳೆದವನು ನೀನು. ಬೆಂಗಳೂರಿನ ಆ ಶಿಕಾರಿಯ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, 1895ರ ಮಾದರಿಯ ಲಿವರ್ ಕೋವಿ. 300 ಗ್ರೇನಿನ ಗುಂಡು. ನರಭಕ್ಷಕ ಹುಲಿಯ ಎದುರು ನಿಲ್ಲುವವನಿಗೆ ಸರಿ. ಅದರ ಒದೆತಕ್ಕೆ ಹೆಗಲು ಕೊಟ್ಟವರು ಎರಡನೇ ಈಡಿಗೆ ಮೊದಲು ಯೋಚಿಸುತ್ತಾರೆ. ಪೆನ್ಸಿಲ್ವೇನಿಯಾದ ಬಿಳಿಬಾಲದ ಜಿಂಕೆಗೆ ಅದು ಬೇಡ. ಆದರೆ ಲಿವರ್ ಬೇಕು ಅನ್ನುವ ನಿನ್ನ ಹಟ ತಪ್ಪಲ್ಲ. ಈ ರಾಜ್ಯದಲ್ಲಿ ಜಿಂಕೆ ಶಿಕಾರಿಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಒಯ್ಯುವಂತಿಲ್ಲ. ಕಾಡು ದಟ್ಟ, ಜಿಂಕೆ ಕಾಣುವುದು ಹತ್ತಿರದಲ್ಲಿ, ಕಂಡರೂ ಕ್ಷಣಹೊತ್ತು. ಹೆಗಲಿನಿಂದ ಇಳಿಸದೆ ಎರಡನೇ ತೋಟೆ ಏರಿಸಬಲ್ಲ ಕೋವಿಗೆ ಇಲ್ಲಿ ಈಗಲೂ ಬೆಲೆಯಿದೆ.

ಯಾವುದು ಅನ್ನುವ ಪ್ರಶ್ನೆಗೆ ಹೆಚ್ಚಿನವರು ವಿಂಚೆಸ್ಟರ್ 94 ಅನ್ನುತ್ತಾರೆ. ಜಾನ್ ಬ್ರೌನಿಂಗ್ ಮಾಡಿದ ಒಳ್ಳೇ ಕೋವಿ ಅದು. ಆದರೆ ಹಳೆಯವುಗಳಲ್ಲಿ ಖಾಲಿ ತೋಟೆ ಮೇಲಕ್ಕೆ ಚಿಮ್ಮುತ್ತದೆ, ನೆತ್ತಿಯ ಮೇಲೆ ದುರ್ಬೀನು ಕೂರಿಸಲಾಗದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುವುದರಿಂದ ಮೊನಚು ಗುಂಡು ಹಾಕುವಂತಿಲ್ಲ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ಕುಟ್ಟಿದರೆ ಕೊಳವೆಯೊಳಗೇ ಈಡು. ಮಾರ್ಲಿನ್ 336ಕ್ಕೆ ದುರ್ಬೀನು ಕೂರುತ್ತದೆ, ಕೊಳವೆಯ ಕಟ್ಟುಪಾಡು ಅದಕ್ಕೂ ಇದೆ. ಅಲ್ಲದೆ ಈಗ ರೂಗರ್ ಕಂಪನಿ ಅದನ್ನು ಮತ್ತೆ ತಯಾರಿಸುತ್ತಿದೆ, ಬೇಕಾದರೆ ಹೊಸದನ್ನೇ ಕೊಳ್ಳಬಹುದು. ವಿಂಚೆಸ್ಟರ್ 88 ಬಂದದ್ದು 1955ರಲ್ಲಿ, ನಿಂತದ್ದು 1973ರಲ್ಲಿ. ಚೆಂದದ್ದು, ಬಿಚ್ಚಿದರೆ ಜೋಡಿಸುವವರು ಸಿಗುವುದಿಲ್ಲ, ಅದರ ಮ್ಯಾಗಜಿನ್ನಿಗೆ ಕೇಳುವ ದುಡ್ಡು ಬೇರೆ.

ನಾನು ಹೇಳುವುದು ಸ್ಯಾವೇಜ್ 99. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ಎಂಬಾತ ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಶುರುಮಾಡಿದ್ದು. 1899ರ ಈ ಮಾದರಿ 1990ರ ದಶಕದ ಕೊನೆಯವರೆಗೆ ತಯಾರಾಯಿತು, ಹತ್ತು ಲಕ್ಷಕ್ಕೂ ಮಿಕ್ಕಿ. ಮೊನ್ನೆ ನಿನಗೆ ನನ್ನದನ್ನು ಬಿಚ್ಚಿ ತೋರಿಸಿದಾಗ ನೀನು ಕೇಳಿದ್ದು ಸರಿಯಾದ ಪ್ರಶ್ನೆ: ಹ್ಯಾಮರ್ ಎಲ್ಲಿ? ಹೊರಗೆ ಇಲ್ಲ, ಎಲ್ಲವೂ ಒಳಗೆ. ಲಿವರ್ ಇಳಿಸಿದರೆ ಬೋಲ್ಟಿನ ಹಿಂಭಾಗ ತಗ್ಗಿ ಹಿಂದಕ್ಕೆ ಜಾರುತ್ತದೆ. ಏರಿಸಿದರೆ ಅದೇ ಭಾಗ ಮೇಲೆದ್ದು ಗಟ್ಟಿ ಉಕ್ಕಿನ ಗೋಡೆಗೆ ಆನಿಕೊಂಡು ನಿಲ್ಲುತ್ತದೆ. ತೋಟೆಗಳು ಕೊಳವೆಯಲ್ಲಿ ಸಾಲುಗಟ್ಟುವುದಿಲ್ಲ, ತಿರುಗುವ ಹಿತ್ತಾಳೆಯ ಚಕ್ರದ ಸುತ್ತ ಒಂದೊಂದೇ ಬೇರೆಬೇರೆಯಾಗಿ ಕೂರುತ್ತವೆ. ಹಾಗಾಗಿ ಮೊನಚು ಗುಂಡಿಗೆ ಹೆದರಿಕೆಯಿಲ್ಲ. ಎಡಮಗ್ಗುಲಿನ ಪುಟ್ಟ ಕಿಂಡಿಯಲ್ಲಿ ಎಷ್ಟು ತೋಟೆ ಉಳಿದಿವೆ ಅನ್ನುವ ಅಂಕಿ ಕಾಣುತ್ತದೆ. ಕಿಂಡಿ ಸೊನ್ನೆ ತೋರಿಸಿದರೂ ನಂಬಬೇಡ, ಲಿವರ್ ಇಳಿಸಿ ನಳಿಗೆಯ ಹಿಂಬಾಯಿಗೆ ಬೆರಳು ಹಾಕಿ ನೋಡು. ಕಿಂಡಿ ಎಣಿಸುವುದು ಚಕ್ರದಲ್ಲಿ ಇರುವುದನ್ನು ಮಾತ್ರ. 1965ರಿಂದ ಬಂದ 99ಸಿ ಮಾದರಿಯಲ್ಲಿ ಚಕ್ರದ ಬದಲು ಕಳಚುವ ಮ್ಯಾಗಜಿನ್ ಇದೆ. ಅದೂ ಕೆಲಸ ಮಾಡುತ್ತದೆ. ನನಗೆ ಮಾತ್ರ ಚಕ್ರವಿಲ್ಲದ ತೊಂಬತ್ತೊಂಬತ್ತು ಕೊಳ್ಳಲು ಮನಸ್ಸು ಬರುವುದಿಲ್ಲ.

ಕೋವಿ ನೋಡುವ ಮೊದಲು ತೋಟೆ ನೋಡು. ಬಹಳ ಜನ ಎಡವುವುದು ಇಲ್ಲೇ. ಕೋವಿ ಅಗ್ಗ, ನಳಿಗೆಯ ಮೇಲೆ .303 ಸ್ಯಾವೇಜ್ ಅಂತ ಬರೆದಿದೆ; ನಮ್ಮೂರ ಪೊಲೀಸರ ತ್ರೀ ನಾಟ್ ತ್ರೀ ತಾನೇ, ತೋಟೆ ಸಿಗುತ್ತದೆ ಅಂದುಕೊಳ್ಳುತ್ತೀಯ. ಅಲ್ಲ. ಪೊಲೀಸರದು .303 ಬ್ರಿಟಿಷ್, ಅದರ ಗುಂಡಿನ ದಪ್ಪವೇ ಬೇರೆ, ಒಂದರಲ್ಲಿ ಇನ್ನೊಂದನ್ನು ಹಾಕುವ ಮಾತೇ ಇಲ್ಲ. .303 ಸ್ಯಾವೇಜ್ ತೋಟೆ ಈಗ ಹುಡುಕಿದರೂ ಅಪರೂಪ. .22 ಹೈ ಪವರ್ ಕೂಡ ಬೇಡ, ಅದರ ಗುಂಡು .228 ಅಂಗುಲ, ಮಾಮೂಲಿ .224 ಅದಕ್ಕೆ ಸಡಿಲ. .250-3000 ನನಗೆ ಇಷ್ಟವಾದದ್ದು. ಚಾರ್ಲ್ಸ್ ನ್ಯೂಟನ್ ರೂಪಿಸಿದ್ದು, 1915ರಲ್ಲಿ ಬಂದದ್ದು. 87 ಗ್ರೇನಿನ ಗುಂಡು ಸೆಕೆಂಡಿಗೆ 3000 ಅಡಿ ಓಡುತ್ತದೆ ಅನ್ನುವುದೇ ಅದರ ಹೆಸರು. ಒದೆತ ಕಡಿಮೆ. ಆದರೆ ಹಳೆಯ ನಳಿಗೆಗಳಲ್ಲಿ ಒಳಗೀರುಗಳ ಸುರುಳಿ ಒಂದು ಸುತ್ತು ಬರಲು 14 ಅಂಗುಲ ಬೇಕು, ಉದ್ದನೆಯ ಭಾರದ ಗುಂಡುಗಳನ್ನು ಅದು ನೆಟ್ಟಗೆ ಹಾರಿಸುವುದಿಲ್ಲ. ತೋಟೆಯೂ ಅಂಗಡಿಯಲ್ಲಿ ಎಲ್ಲ ಕಾಲದಲ್ಲೂ ಇರುವುದಿಲ್ಲ. ನಿನ್ನಂಥ ಹೊಸಬನಿಗೆ ಉಳಿಯುವುದು ಎರಡು. 1920ರ .300 ಸ್ಯಾವೇಜ್, 150 ಗ್ರೇನಿನ ಗುಂಡನ್ನು ಸೆಕೆಂಡಿಗೆ ಸುಮಾರು 2600 ಅಡಿ ಓಡಿಸುವಂಥದ್ದು. ಇಲ್ಲವೇ 1950ರ ದಶಕದಿಂದ ಬಂದ .308 ವಿಂಚೆಸ್ಟರ್. ಎರಡನೆಯದರ ತೋಟೆ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಜಿಂಕೆಗೆ ಎರಡರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ನಿನಗೆ ಲಾಭ ತರುವ ಗುಟ್ಟು. ಈ ಕೋವಿಗೆ ಎರಡು ಬಗೆಯ ಗಿರಾಕಿಗಳಿದ್ದಾರೆ. ಒಬ್ಬ ಸಂಗ್ರಹಕಾರ. ಅವನಿಗೆ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು, ಮೂಲ ಬಣ್ಣ, ಮೂಲ ತಿರುಪು, ಮೂಲ ಹಿಡಿ. ಯಾರೋ ಹಿಂದೆಂದೋ ದುರ್ಬೀನು ಕೂರಿಸಲು ರಂಧ್ರ ಕೊರೆದಿದ್ದರೆ, ಹಿಡಿಯ ತುದಿ ಕತ್ತರಿಸಿ ರಬ್ಬರ್ ಹಾಕಿದ್ದರೆ, ನಳಿಗೆಗೆ ಮತ್ತೆ ನೀಲಿ ಬಣ್ಣ ಕೊಟ್ಟಿದ್ದರೆ, ಅವನು ಮುಖ ತಿರುಗಿಸುತ್ತಾನೆ, ಬೆಲೆ ಬಿದ್ದುಹೋಗುತ್ತದೆ. ಇನ್ನೊಬ್ಬ ನೀನು. ನಿನಗೆ ದುರ್ಬೀನಿಗೆ ರಂಧ್ರ ಬೇಕು, ಹೆಗಲಿಗೆ ರಬ್ಬರ್ ಬೇಕು. ಅವನು ಬಿಟ್ಟುಹೋದದ್ದನ್ನು ತೆಗೆದುಕೋ. ಯಾರೂ ಮುಟ್ಟದ ಹಳೆಯದೊಂದು ಸಿಕ್ಕಿತು ಅಂತ ಕುಣಿದು ದುಬಾರಿ ಕೊಟ್ಟು ತಂದು, ಆಮೇಲೆ ನೀನೇ ಅದಕ್ಕೆ ಡ್ರಿಲ್ ಇಡಬೇಡ. ಅದು ದುಡ್ಡಿಗೂ ಕೇಡು, ಕೋವಿಗೂ ಕೇಡು.

ಅಂಗಡಿಯಲ್ಲಿ ಮೂರು ಕಡೆ ಕಣ್ಣಿಡು. ಹಿಡಿಯ ಕುತ್ತಿಗೆಯಲ್ಲಿ, ಉಕ್ಕಿನ ನಾಲಿಗೆ ಮರದೊಳಗೆ ಮುಗಿಯುವ ಜಾಗದ ಹಿಂದೆ, ಕೂದಲಿನಂಥ ಬಿರುಕು ಇದೆಯೇ ನೋಡು. ಮರ ಒಣಗಿ ಸಡಿಲವಾಗಿದ್ದರೆ ಪ್ರತಿ ಒದೆತಕ್ಕೂ ಆ ನಾಲಿಗೆ ಬೆಣೆಯಂತೆ ಮರವನ್ನು ಸೀಳುತ್ತಾ ಹೋಗುತ್ತದೆ. ತೊಂಬತ್ತೊಂಬತ್ತರ ಹುಟ್ಟುಗುಣ ಇದು. ಎರಡನೆಯದು ನಳಿಗೆಯ ಮೂತಿ. ಈ ಕೋವಿಯ ಹಿಂಭಾಗ ಗೋಡೆಯಂತೆ ಮುಚ್ಚಿರುವುದರಿಂದ ಬೋಲ್ಟ್ ಬಿಚ್ಚದೆ ಹಿಂದಿನಿಂದ ಕೋಲು ಹಾಕಲಾಗದು. ತಲೆಮಾರುಗಟ್ಟಲೆ ಎಲ್ಲರೂ ಮೂತಿಯಿಂದಲೇ ಉಜ್ಜಿದ್ದಾರೆ, ಅಲ್ಲಿಯ ಗೀರುಗಳು ಸವೆದಿರುತ್ತವೆ. ಅದೇ ಅಳತೆಯ, ಮದ್ದಿಲ್ಲದ ಬಿಡಿ ಗುಂಡೊಂದನ್ನು ಕೇಳಿ ಮೂತಿಗೆ ಇಟ್ಟು ನೋಡು. ತುದಿ ಒಳಗೆ ಹೋಗಿ ನಿಂತರೆ ಸರಿ. ಗುಂಡಿಗೆ ಗುಂಡೇ ಒಳಗೆ ಜಾರಿದರೆ ನಮಸ್ಕಾರ ಹೇಳಿ ಹೊರಡು. ನೀನು ಮಾತ್ರ ಕೋಲಿನ ಬದಲು ದಾರ ಎಳೆಯುವ ಸಾಧನ ಬಳಸು. ಮೂರನೆಯದು, ನಳಿಗೆ ಬಿಚ್ಚಿ ಇಡುವ ಟೇಕ್‌ಡೌನ್ ಮಾದರಿಯಾಗಿದ್ದರೆ ಎರಡು ಕೈಯಲ್ಲಿ ಹಿಡಿದು ತಿರುಚು, ಅಲುಗಾಡಬಾರದು. ಯಾವ ವರ್ಷದ್ದು ಅನ್ನುವುದಕ್ಕೆ ಮಾರುವವನ ಮಾತಿಗಿಂತ ಲಿವರಿನ ಬುಡದ ಸಣ್ಣ ಅಂಡಾಕಾರದ ಮುದ್ರೆ ಮೇಲು. ಅದರೊಳಗಿನ ಅಕ್ಷರ ಎ ಆಗಿದ್ದರೆ 1949, ಬಿ ಆದರೆ 1950, ಹೀಗೆ. ಅದಕ್ಕೂ ಹಿಂದಿನವುಗಳಲ್ಲಿ ಈ ಮುದ್ರೆ ಇರುವುದಿಲ್ಲ, ಸೀರಿಯಲ್ ನಂಬರೇ ಗತಿ.

ಬೇರೆ ರಾಜ್ಯದ ಮಾರಾಟಗಾರನ ಹತ್ತಿರ ಒಳ್ಳೆಯದು ಸಿಕ್ಕರೆ ಅವನು ನಿನ್ನ ಮನೆಗೆ ಕಳಿಸುವಂತಿಲ್ಲ, ನಿನ್ನ ಊರಿನ ಲೈಸೆನ್ಸ್ ಇರುವ ಅಂಗಡಿಗೆ ಕಳಿಸಬೇಕು, ಅಲ್ಲಿ ಫಾರಂ ತುಂಬಿ ತಪಾಸಣೆ ಮುಗಿದ ಮೇಲೆ ನಿನ್ನ ಕೈಗೆ. ತಂದ ಕೂಡಲೇ ಕಾಡಿಗೆ ಒಯ್ಯಬೇಡ. ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್, ಅಂದರೆ ತೋಟೆಯ ಬುಡಕ್ಕೂ ಬೋಲ್ಟಿಗೂ ನಡುವಿನ ಸಂದು, ಅಳೆಸು. ಹಳೇ ಲಿವರ್ ಕೋವಿಯಲ್ಲಿ ಈ ಖರ್ಚು ಉಳಿಸಬಾರದು. ಆಮೇಲೆ ಒಂದೇ ಕಂಪನಿಯ, ಒಂದೇ ಲಾಟ್ ನಂಬರಿನ ನಾಲ್ಕೈದು ಪೆಟ್ಟಿಗೆ ತೋಟೆ ತೆಗೆದುಕೊಂಡು ರೇಂಜಿಗೆ ಬಾ, ಶನಿವಾರ ನಾನೂ ಬರುತ್ತೇನೆ. ಕಿತ್ತಳೆ ಬಣ್ಣದ ಟೋಪಿ, ಜಾಕೀಟು ಈಗಲೇ ತೆಗೆದಿಡು. ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ ಕಾಣಬೇಕು ಅನ್ನುವುದು ಇಲ್ಲಿನ ನಿಯಮ, ಸೀಸನ್ ಹತ್ತಿರ ಬಂದಾಗ ಅಂಗಡಿಯಲ್ಲಿ ನಿನ್ನ ಅಳತೆಯದು ಉಳಿದಿರುವುದಿಲ್ಲ.