ಮೊಣಕಾಲಿನ ಭಯಕ್ಕೆ ಆಟ ಬಿಡಿಸಬೇಕೆ?

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಚಿಕ್ಕಂದಿನಿಂದ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾಳೆ. ಈಚೆಗೆ ಓಟದಲ್ಲಿ ಹಿಂದೆ ಬೀಳುತ್ತಿದ್ದಾಳೆ. ಮೊಣಕಾಲಿಗೆ ಪೆಟ್ಟಾದೀತೆಂಬ ಭಯ ನನಗೆ. ಆಟ ಬಿಡಿಸಲೇ?

ಉತ್ತರ: ಖಂಡಿತ ಬೇಡ. ಹರೆಯಕ್ಕೆ ಮೊದಲು ಹುಡುಗ, ಹುಡುಗಿಯರ ಬಲ ಮತ್ತು ವೇಗದಲ್ಲಿ ಅಂತರ ಕಡಿಮೆ. ಆಮೇಲೆ ಟೆಸ್ಟೊಸ್ಟೆರಾನ್ ಹಾರ್ಮೋನು ಹುಡುಗರ ಸ್ನಾಯು, ಹಿಮೋಗ್ಲೋಬಿನ್ ಎರಡನ್ನೂ ಹೆಚ್ಚಿಸುತ್ತದೆ. ನಿಮ್ಮ ಮಗಳು ಹಿಂದೆ ಬೀಳುತ್ತಿರುವುದು ಶ್ರಮ ಕಡಿಮೆಯಾದ್ದರಿಂದಲ್ಲ. ಇದನ್ನು ಅವಳಿಗೂ ಬಿಡಿಸಿ ಹೇಳಿ. ಪಂದ್ಯಗಳನ್ನು ಹುಡುಗಿಯರ ತಂಡದಲ್ಲಿ ಆಡಲಿ. ಚೆಂಡಿನ ಹಿಡಿತ, ಪಾಸ್‌ಗಳ ಅಭ್ಯಾಸ ಹುಡುಗರೊಂದಿಗೂ ಮುಂದುವರಿಯಲಿ.

ನಿಮ್ಮ ಭಯಕ್ಕೆ ಕಾರಣವಿದೆ. ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ 'ಎಸಿಎಲ್' ಎಂಬ ಅಸ್ಥಿರಜ್ಜು (ಲಿಗಮೆಂಟ್) ಹರಿಯುವ ಅಪಾಯ ಆಟಗಾರ್ತಿಯರಿಗೆ ಪುರುಷರಿಗಿಂತ ಸುಮಾರು 2-3 ಪಟ್ಟು ಹೆಚ್ಚು. ಇಂಗ್ಲೆಂಡ್ ಫುಟ್‌ಬಾಲ್ ತಂಡದ ನಾಯಕಿ ಲಿಯಾ ವಿಲಿಯಮ್ಸನ್ 2023ರ ವಿಶ್ವಕಪ್‌ನಲ್ಲಿ ಆಡಲಾಗದೆ ಹೋದದ್ದು ಈ ಗಾಯದಿಂದಲೇ. ಎಷ್ಟೋ ಸಲ ಯಾರೂ ತಾಗದೆ, ಜಿಗಿದು ಕಾಲೂರುವಾಗ ಅಥವಾ ಸರಕ್ಕನೆ ತಿರುಗುವಾಗಲೇ ಎಸಿಎಲ್ ಹರಿಯುತ್ತದೆ. ಹಾಗಾಗಿ ಸರಿಯಾಗಿ ಕಾಲೂರುವುದನ್ನು ಕಲಿಸಬೇಕು. 'ಫಿಫಾ 11+' ಎಂಬ ಸುಮಾರು 20 ನಿಮಿಷದ ವಾರ್ಮ್‌ಅಪ್ ಗಾಯಗಳನ್ನು ತಡೆಯಲೆಂದೇ ಇದೆ. ವಾರಕ್ಕೆ ಕನಿಷ್ಠ 2 ಸಲ ಮಾಡಿಸುವಂತೆ ಕೋಚ್‌ಗೆ ಹೇಳಿ. ಓಟದಲ್ಲಿ ಹಿಂದೆ ಬೀಳುವುದರ ಜೊತೆಗೆ ಮುಟ್ಟಿನ ಸ್ರಾವ ಹೆಚ್ಚಿದ್ದು ಸುಸ್ತಾಗುತ್ತಿದ್ದರೆ ರಕ್ತದ ಕಬ್ಬಿಣಾಂಶ ಪರೀಕ್ಷೆ ಮಾಡಿಸಿ. ಆಡುವಾಗ ಮೊಣಕಾಲು 'ಟಕ್' ಎಂದು ಸದ್ದಾಗಿ ಊದಿಕೊಂಡರೆ ಎಣ್ಣೆ ತಿಕ್ಕಿಸುತ್ತ ಕೂರದೆ ಮೂಳೆ ವೈದ್ಯರಿಗೆ ತೋರಿಸಿ.