ಇಳಿವಯಸ್ಸಿನ ಆರೈಕೆ ಮತ್ತು ನೆರವಿನ ಸಾಧನಗಳು

ನಮ್ಮ ದೇಶದಲ್ಲಿ ವೃದ್ಧರ ಆರೈಕೆಯು ಬಹುಕಾಲದಿಂದ ಮನೆಯವರ ಹೊಣೆಯಾಗಿ ನಡೆದುಬಂದಿದೆ. ವೇಳೆಗೆ ಔಷಧಿ ಕೊಡುವುದು, ವೈದ್ಯರ ಬಳಿಗೆ ಕರೆದೊಯ್ಯುವುದು, ರಾತ್ರಿ ಎದ್ದಾಗ ಕೈಹಿಡಿದು ನಡೆಸುವುದು ಇವೆಲ್ಲ ಮಕ್ಕಳು ಮತ್ತು ಸೊಸೆಯಂದಿರ ನಿತ್ಯದ ಕೆಲಸವಾಗಿದ್ದವು. 2011ರ ಜನಗಣತಿಯ ವೇಳೆಗೆ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಆಯುಷ್ಯ ಹೆಚ್ಚಿದಂತೆ, ಹಗಲು ಹೊತ್ತು ಮನೆಯಲ್ಲಿ ಉಳಿಯುವವರು ಕಡಿಮೆಯಾದರು. ಈ ಕೊರತೆಯನ್ನು ತುಂಬಲು ನೆರವಿನ ಸಾಧನಗಳು ಬಳಕೆಗೆ ಬರುತ್ತಿವೆ.

ಮೂರು ನಗರಗಳ ಸ್ಥಿತಿ

ಗುಜರಾತಿನ ಮೂರು ದೊಡ್ಡ ನಗರಗಳು ಇದಕ್ಕೆ ನಿದರ್ಶನ. ಅಹಮದಾಬಾದಿನ ಹಳೆಯ ಪಟ್ಟಣವು 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ 'ಪೋಳ' ಎಂಬ ಕೇರಿಗಳಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿವೆ. ಜಗಲಿಯ ಮೇಲೆ ದಿನವೂ ಕೂರುವ ಹಿರಿಯರು ಒಂದು ದಿನ ಕಾಣದಿದ್ದರೆ ನೆರೆಯವರು ವಿಚಾರಿಸುತ್ತಾರೆ. ಆದರೆ ಆ ಮನೆಗಳ ಕಡಿದಾದ ಮೆಟ್ಟಿಲುಗಳು ಮೊಣಕಾಲು ಸೋತವರಿಗೆ ಅಪಾಯಕರ. ಹೊಸ ಬಡಾವಣೆಗಳ ಬಹುಮಹಡಿ ಕಟ್ಟಡಗಳಲ್ಲಿ ಲಿಫ್ಟ್ ಉಂಟು, ಜಗಲಿಯಿಲ್ಲ. ವಡೋದರಾದಲ್ಲಿ ಮಕ್ಕಳು ವಿದೇಶಕ್ಕೆ ತೆರಳಿ, ತಂದೆತಾಯಿಯರಷ್ಟೇ ಉಳಿದ ಮನೆಗಳಿವೆ. ಸೂರತ್‌ನಲ್ಲಿ ವಜ್ರ ಮತ್ತು ಜವಳಿ ಉದ್ಯಮಗಳಲ್ಲಿ ದುಡಿಯುವ ಕುಟುಂಬಗಳ ಹಿರಿಯರು ಹಗಲೆಲ್ಲ ಒಬ್ಬರೇ ಇರಬೇಕಾಗುತ್ತದೆ.

ಸಾಧನಗಳ ಬಗೆ

ಮೊದಲ ಬಗೆಯವು ಸರಳವಾದವು: ಊರುಗೋಲು, ವಾಕರ್, ಗಾಲಿಕುರ್ಚಿ, ಕನ್ನಡಕ, ಶ್ರವಣ ಸಾಧನ, ಸ್ನಾನದ ಮನೆಯ ಗೋಡೆಗೆ ಕೂರಿಸುವ ಹಿಡಿಕೆ. ಕೇಂದ್ರ ಸರ್ಕಾರವು 2017ರ ಏಪ್ರಿಲ್ 1ರಂದು ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ, ಅಲ್ಪ ಆದಾಯದ ಹಿರಿಯ ನಾಗರಿಕರಿಗೆ ಇಂತಹ ಹಲವು ಸಾಧನಗಳನ್ನು ಉಚಿತವಾಗಿ ನೀಡಲಾಗುತ್ತದೆ. ಕಾನ್ಪುರದ ಕೃತಕ ಅಂಗ ತಯಾರಿಕಾ ನಿಗಮವು ಇವನ್ನು ಒದಗಿಸುತ್ತದೆ.

ಎರಡನೆಯ ಬಗೆಯವು ವಿದ್ಯುನ್ಮಾನ ಸಾಧನಗಳು. ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಂದು ದೇಹವು ಥಟ್ಟನೆ ಕೆಳಗೆ ಬಿದ್ದು ನಿಶ್ಚಲವಾದುದನ್ನು ಗುರುತಿಸಿ, ದೂರವಾಣಿಯ ಮೂಲಕ ಮನೆಯವರಿಗೆ ಸೂಚನೆ ಕಳುಹಿಸುತ್ತದೆ. ಮನೆಯಲ್ಲೇ ರಕ್ತದೊತ್ತಡ ಮತ್ತು ಸಕ್ಕರೆಯ ಪ್ರಮಾಣ ಅಳೆಯುವ ಯಂತ್ರಗಳೂ ಇವೆ.

ಚಿಕಿತ್ಸೆಯಲ್ಲಿ ಆದ ಬದಲಾವಣೆ

ವೈದ್ಯರ ಎದುರಿನಲ್ಲಿ ಕೆಲವರ ರಕ್ತದೊತ್ತಡ ಅಳುಕಿನಿಂದಲೇ ಏರುವುದುಂಟು. ಭೇಟಿಯ ದಿನದ ಒಂದೇ ಅಳತೆಗೆ ಬದಲಾಗಿ ಹಲವು ವಾರಗಳ ದಾಖಲೆ ದೊರೆತರೆ, ಔಷಧಿಯ ಪ್ರಮಾಣವನ್ನು ನಿರ್ಧರಿಸುವುದು ಸುಲಭ. ದೂರದಿಂದಲೇ ಸಲಹೆ ನೀಡುವುದಕ್ಕೆ 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಬಂದಿತು. 'ಇ-ಸಂಜೀವನಿ' ಸೇವೆಯ ಮೂಲಕ ರೋಗಿಯು ಮನೆಯಿಂದಲೇ ವೈದ್ಯರೊಡನೆ ಮಾತನಾಡಬಹುದು.

ಗಮನಿಸಬೇಕಾದ ಅಂಶ

ಸಾಧನವು ಕರೆಯಬಲ್ಲುದು, ಎತ್ತಲಾರದು. ಸೊಂಟದ ಮೂಳೆ ಮುರಿದು ನೆಲದ ಮೇಲೆ ಬಿದ್ದವರಿಗೆ ಒಂದೊಂದು ಗಂಟೆಯೂ ಅಮೂಲ್ಯ. ಸೂಚನೆ ತಲಪಿದರೂ ಬರುವವರಿಲ್ಲದಿದ್ದರೆ ಪ್ರಯೋಜನವೇನು? ಆದುದರಿಂದ ಸಾಧನವನ್ನು ಕೊಳ್ಳುವ ಮೊದಲೇ, ಕರೆ ಬಂದಾಗ ಓಡಿಬರುವವರು ಯಾರು, ಬೀಗದ ಕೈ ಯಾರ ಬಳಿ ಇರುವುದು ಎಂಬುದನ್ನು ನಿಶ್ಚಯಿಸಬೇಕು. ವಿದೇಶದಲ್ಲಿರುವ ಮಗನಿಗಿಂತ ಪಕ್ಕದ ಮನೆಯವರ ದೂರವಾಣಿ ಸಂಖ್ಯೆ ಪಟ್ಟಿಯಲ್ಲಿ ಮೊದಲಿರುವುದು ಲೇಸು. ಪಟ್ಟಿಗೆ ದಿನವೂ ವಿದ್ಯುತ್ ತುಂಬಿಸಲು ಮರೆಯಬಾರದು. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡುವುದಾದರೆ ಹಿರಿಯರ ಒಪ್ಪಿಗೆ ಪಡೆಯುವುದು ಅವರ ಮರ್ಯಾದೆಗೆ ಸಲ್ಲತಕ್ಕದ್ದು.

ತುರ್ತು ವಾಹನಕ್ಕಾಗಿ 108 ಸೇವೆಯು ಗುಜರಾತಿನಲ್ಲಿ 2007ರಲ್ಲಿಯೂ ಕರ್ನಾಟಕದಲ್ಲಿ 2008ರಲ್ಲಿಯೂ ಆರಂಭವಾಯಿತು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಈ ಎರಡು ಸಂಖ್ಯೆಗಳನ್ನೂ ನೆರೆಯವರ ಸಂಖ್ಯೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದು, ಹಿರಿಯರ ಹಾಸಿಗೆಯ ಬಳಿ ಅಂಟಿಸಿಡುವುದು ಪ್ರತಿಯೊಂದು ಮನೆಯೂ ಇಂದೇ ಮಾಡಬಹುದಾದ, ಖರ್ಚಿಲ್ಲದ ಕೆಲಸ.